ಎರಡು ಕೀಲಿಯ ಜೀವಕೋಶ

ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳು, ಡೆನ್ಮಾರ್ಕಿನ ಕೋಪನ್‌ಹೇಗನ್. ಕೊಠಡಿಯ ನಡುವೆ ಚಾವಣಿಯಿಂದ ಇಳಿಬಿಟ್ಟ ಕಾರ್ಬನ್ ಆರ್ಕ್ ದೀಪ ಕಣ್ಣು ಕೋರೈಸುವಂತೆ ಉರಿಯುತ್ತಿದೆ. ಅದರಿಂದ ದುರ್ಬೀನಿನಂಥ ಕೊಳವೆಗಳು ನಾಲ್ಕು ದಿಕ್ಕಿಗೆ ಚಾಚಿಕೊಂಡಿವೆ. ಒಂದೊಂದು ಕೊಳವೆಯ ಕೆಳಗೂ ಒಬ್ಬೊಬ್ಬ ರೋಗಿ ಮಲಗಿದ್ದಾರೆ. ಪಕ್ಕದಲ್ಲಿ ಕೂತ ದಾದಿ, ತಣ್ಣೀರು ಹರಿಯುವ ಸ್ಫಟಿಕದ ಬಿಲ್ಲೆಯನ್ನು ರೋಗಿಯ ಕೆನ್ನೆಗೆ ಒತ್ತಿಹಿಡಿದು, ಬೆಳಕು ಸರಿಯಾದ ಜಾಗಕ್ಕೇ ಬೀಳುವಂತೆ ನೋಡಿಕೊಳ್ಳುತ್ತಿದ್ದಾಳೆ. ದಿನದ ಮೇಲೆ ದಿನ, ತಿಂಗಳುಗಟ್ಟಲೆ ಇದೇ ಚಿಕಿತ್ಸೆ. ಕಾಯಿಲೆ ಚರ್ಮದ ಕ್ಷಯ. ಮೂಗು, ತುಟಿ, ಕೆನ್ನೆಗಳನ್ನು ನಿಧಾನವಾಗಿ ತಿಂದುಹಾಕುವ ಲೂಪಸ್ ವಲ್ಗ್ಯಾರಿಸ್. ಕ್ಷಯಕ್ಕೆ ಮದ್ದೇ ಇಲ್ಲದಿದ್ದ ಆ ಕಾಲದಲ್ಲಿ ನೀಲ್ಸ್ ಫಿನ್ಸೆನ್ ಎಂಬ ವೈದ್ಯರು ಬರೀ ಬೆಳಕಿನಿಂದ ಅದನ್ನು ವಾಸಿಮಾಡಿ ತೋರಿಸಿದರು. 1903ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಶತಮಾನ ಕಳೆದು 2006ರಲ್ಲಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಮಾಡ್ಲಿನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಕ್ಷಯದ ಬ್ಯಾಕ್ಟೀರಿಯಾ ಎದುರಾದಾಗ ನಮ್ಮ ರಕ್ಷಣಾ ಕೋಶಗಳು ವಿಟಮಿನ್ ಡಿ ಬಳಸಿಕೊಂಡು, ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪ್ರೊಟೀನನ್ನು ತಾವೇ ತಯಾರಿಸುತ್ತವೆ ಎಂಬುದು ಅದರ ಸಾರ. ಬಿಸಿಲಿನಿಂದ ವಿಟಮಿನ್ ಡಿ, ಅದರಿಂದ ಪ್ರೊಟೀನ್, ಪ್ರೊಟೀನಿನಿಂದ ಕ್ಷಯಕ್ಕೆ ತಡೆ: ಫಿನ್ಸೆನ್‌ ದೀಪದ ಗುಟ್ಟು ಕೊನೆಗೂ ಬಯಲಾಯಿತು ಎಂಬ ಮಾತು ಹಬ್ಬಿತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 2005ರಲ್ಲಿ, ಡೆನ್ಮಾರ್ಕಿನ ಸಂಶೋಧಕರು ಆ ಹಳೆಯ ದೀಪಗಳ ಮಸೂರಗಳನ್ನು ಪರೀಕ್ಷೆಗೆ ಒಡ್ಡಿದ್ದರು. ವಿಟಮಿನ್ ಡಿ ತಯಾರಾಗಲು ಬೇಕಾದ ಅತಿನೇರಳೆ ಕಿರಣಗಳು ಆ ಮಸೂರಗಳನ್ನು ದಾಟುವುದೇ ಇಲ್ಲವೆಂದು ತಿಳಿಯಿತು. ಬ್ಯಾಕ್ಟೀರಿಯಾದೊಳಗಿನ ಪೋರ್ಫಿರಿನ್ ಎಂಬ ವಸ್ತು ಬೆಳಕನ್ನು ಹೀರಿ, ಅದರಿಂದ ಹುಟ್ಟಿದ ಉಗ್ರ ರೂಪದ ಆಮ್ಲಜನಕವೇ ಆ ಬ್ಯಾಕ್ಟೀರಿಯಾವನ್ನು ಕೊಂದಿರಬೇಕು ಎಂಬುದು ಅವರ ವಿವರಣೆ. ಚಿಕಿತ್ಸೆ ಫಲ ಕೊಟ್ಟಿದ್ದು ನಿಜ, ಪ್ರೊಟೀನ್ ಇರುವುದೂ ನಿಜ. ಅವೆರಡಕ್ಕೂ ನಂಟು ಕಟ್ಟಿದ ಕಥೆ ಮಾತ್ರ ನಿಲ್ಲಲಿಲ್ಲ.

ಇಂಥ ಅವಸರದ ನಂಟಿನ ಮೇಲೆಯೇ ಇಂದು ‘ಇಮ್ಯುನಿಟಿ ಬೂಸ್ಟರ್’ ಎಂಬ ದೊಡ್ಡ ಮಾರುಕಟ್ಟೆ ನಿಂತಿದೆ. ರೋಗನಿರೋಧಕ ಶಕ್ತಿಯೆಂದರೆ ಮೈಯಲ್ಲಿ ತುಂಬಿಡಬಹುದಾದ ದಾಸ್ತಾನು, ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಕೊರೊನಾ ಕಾಲದಿಂದ ಇನ್ನಷ್ಟು ಬೇರೂರಿದೆ. ಕೋಶಗಳ ಒಳಗೆ ಕಂಡಿರುವುದು ಬೇರೆಯೇ. ಎಲ್ಲಿ, ಯಾವಾಗ, ಯಾರ ಎದುರು, ಎಷ್ಟು ಹೊತ್ತು ಹೋರಾಡಬೇಕು ಎಂದು ಕೋಶ ನಿರ್ಧರಿಸುತ್ತದೆ. ಆ ನಿರ್ಧಾರಕ್ಕೆ ಶತ್ರುವಿನಿಂದ ಒಂದು ಸೂಚನೆ ಬರಬೇಕು, ಮೈಯಿಂದ ಒಂದು ಸಾಮಗ್ರಿ ಒದಗಬೇಕು. ಒಂದನ್ನಷ್ಟೇ ಹೆಚ್ಚಿಸಿದರೆ ಪ್ರಯೋಜನ ಅಷ್ಟಕ್ಕಷ್ಟೇ.

ಪತಂಗ, ಕಪ್ಪೆ, ನೊಣ

ಕೀಟಗಳಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ. ಒಮ್ಮೆ ಬಂದ ರೋಗವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಗುರುತಿಸುವ ನಮ್ಮಂಥ ಏರ್ಪಾಡೂ ಇಲ್ಲ. ಆದರೂ ಕೊಳೆತ ಹಣ್ಣು, ಸಗಣಿ, ಕೆಸರಿನ ನಡುವೆ ಅವು ಬದುಕುತ್ತವೆ. ಸ್ಟಾಕ್‌ಹೋಮ್‌ನ ಹಾನ್ಸ್ ಬೊಮಾನ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಸೆಕ್ರೋಪಿಯಾ ಎಂಬ ಉತ್ತರ ಅಮೆರಿಕದ ದೊಡ್ಡ ರೇಷ್ಮೆ ಪತಂಗದ ಕೋಶಾವಸ್ಥೆಗೆ ಅವರು ಬ್ಯಾಕ್ಟೀರಿಯಾ ಚುಚ್ಚಿದರು. ಕೆಲದಿನ ಬಿಟ್ಟು ತೆಗೆದ ಅದರ ದೇಹದ್ರವ ಬೇರೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲತೊಡಗಿತು. ಚುಚ್ಚುವ ಮೊದಲು ಆ ಗುಣ ಇರಲಿಲ್ಲ. 1981ರಲ್ಲಿ ಅವರ ತಂಡ ಆ ದ್ರವದಿಂದ ಎರಡು ಪುಟ್ಟ ಪ್ರೊಟೀನ್‌ಗಳನ್ನು ಬೇರ್ಪಡಿಸಿ ಸೆಕ್ರೋಪಿನ್ ಎಂದು ಕರೆಯಿತು. ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆ ಸಾಕುವ ರೇಷ್ಮೆ ಹುಳುವಿನಲ್ಲೂ ಇದೇ ಬಗೆಯ ಪ್ರೊಟೀನ್ ಇದೆ. ಹಾಗಿದ್ದೂ ಸುಣ್ಣಕಟ್ಟು, ಸಪ್ಪೆ ರೋಗ ಬಂದಾಗ ಇಡೀ ಬೆಳೆ ಹಾಳಾಗುವುದನ್ನು ರೇಷ್ಮೆ ಬೆಳೆಗಾರರು ಬಲ್ಲರು. ಅಸ್ತ್ರ ಇದ್ದ ಮಾತ್ರಕ್ಕೆ ಗೆಲುವು ಖಚಿತವಲ್ಲ ಎಂಬುದಕ್ಕೆ ಅದೂ ಒಂದು ಸಾಕ್ಷಿ.

1987ರಲ್ಲಿ ಅಮೆರಿಕದ ಮೈಕೆಲ್ ಜಾಸ್ಲಾಫ್, ಶಸ್ತ್ರಕ್ರಿಯೆ ಮಾಡಿ ಶುದ್ಧವಲ್ಲದ ನೀರಿಗೆ ಬಿಟ್ಟ ಕಪ್ಪೆಗಳ ಗಾಯ ಕೀವುಗಟ್ಟದೆ ಮಾಯುವುದನ್ನು ಗಮನಿಸಿ, ಅವುಗಳ ಚರ್ಮದಲ್ಲಿ ಮ್ಯಾಗೈನಿನ್ ಕಂಡುಹಿಡಿದರು. ಅಷ್ಟರಲ್ಲಿ ಮನುಷ್ಯರ ಬಿಳಿ ರಕ್ತಕಣಗಳಲ್ಲಿ ಡಿಫೆನ್ಸಿನ್‌ಗಳು ಸಿಕ್ಕಿದ್ದವು. ಇಷ್ಟಾದರೂ ಮುಖ್ಯ ಪ್ರಶ್ನೆ ಹಾಗೇ ಇತ್ತು: ಶತ್ರು ಬಂದಿದ್ದಾನೆಂದು ಕೋಶಕ್ಕೆ ತಿಳಿಯುವುದು ಹೇಗೆ? ಉತ್ತರದ ಮೊದಲ ಭಾಗ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಸಿಕ್ಕಿತು. ಹಣ್ಣಿನ ನೊಣದ ಭ್ರೂಣದಲ್ಲಿ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ನಿರ್ಧರಿಸುವ ಟೋಲ್ ಎಂಬ ವಂಶವಾಹಿ ಆಗಲೇ ಗೊತ್ತಿತ್ತು. ಅದು ಕೆಟ್ಟ ನೊಣಗಳಿಗೆ ಶಿಲೀಂಧ್ರ ತಗುಲಿಸಿದಾಗ, ಅವು ಡ್ರೊಸೊಮೈಸಿನ್ ಎಂಬ ಶಿಲೀಂಧ್ರನಾಶಕ ಪ್ರೊಟೀನ್ ತಯಾರಿಸಲಾರದೆ ಮೈತುಂಬ ಬೂಷ್ಟು ಹಿಡಿದು ಸತ್ತವು. ಜೂಲ್ಸ್ ಹಾಫ್‌ಮನ್ ಪ್ರಯೋಗಾಲಯದ ಈ ಫಲಿತಾಂಶ ಹೊರಬಂದದ್ದು 1996ರಲ್ಲಿ. ಎರಡು ವರ್ಷದ ನಂತರ ಬ್ರೂಸ್ ಬ್ಯೂಟ್ಲರ್ ತಂಡ ಇಲಿಗಳಲ್ಲಿ ಟೋಲ್‌ನ ಸಂಬಂಧಿಯೊಂದು ಬ್ಯಾಕ್ಟೀರಿಯಾದ ಹೊರಪದರವನ್ನು ಗುರುತಿಸುತ್ತದೆಂದು ತೋರಿಸಿತು. 2011ರ ವೈದ್ಯಕೀಯ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಕೋಶದೊಳಗೆ ನಡೆಯುವುದೇನು?

ಶ್ವಾಸಕೋಶದ ಗಾಳಿಚೀಲಗಳಲ್ಲಿ ಮ್ಯಾಕ್ರೊಫೇಜ್ ಎಂಬ ಕೋಶಗಳು ಓಡಾಡಿಕೊಂಡಿರುತ್ತವೆ. ಧೂಳು, ಸತ್ತ ಕೋಶ, ಬ್ಯಾಕ್ಟೀರಿಯಾ ಏನೇ ಸಿಕ್ಕರೂ ನುಂಗುವುದು ಅವುಗಳ ಕೆಲಸ. ಕ್ಷಯದ ಬ್ಯಾಕ್ಟೀರಿಯಾ ಬಂತೆನ್ನಿ. ಅದರ ಹೊರಮೈಯಲ್ಲಿ ಕೊಬ್ಬು ಅಂಟಿದ ಪ್ರೊಟೀನ್‌ಗಳಿವೆ. ಅದೇ ರಚನೆಯವು ಮನುಷ್ಯನ ಮೈಯಲ್ಲಿಲ್ಲ. ಮ್ಯಾಕ್ರೊಫೇಜ್‌ನ ಮೇಲಿರುವ, ಗ್ರಾಹಕಗಳೆಂಬ ಟೋಲ್ ಬಗೆಯ ಪ್ರೊಟೀನ್‌ಗಳು ಅವನ್ನು ಹಿಡಿದೊಡನೆ ಕೋಶಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ. ಆಗ ಕೋಶ ನೇರವಾಗಿ ಅಸ್ತ್ರ ತಯಾರಿಸಲು ಕೂರುವುದಿಲ್ಲ. ಮೊದಲು ಎರಡು ಸಿದ್ಧತೆ ಮಾಡಿಕೊಳ್ಳುತ್ತದೆ. ಒಂದು, ವಿಟಮಿನ್ ಡಿಯನ್ನು ಕ್ರಿಯಾಶೀಲ ರೂಪಕ್ಕೆ ಬದಲಿಸುವ ಕಿಣ್ವ. ಇನ್ನೊಂದು, ಆ ಕ್ರಿಯಾಶೀಲ ರೂಪವನ್ನು ಹಿಡಿದುಕೊಳ್ಳುವ ಗ್ರಾಹಕ. ರಕ್ತದಲ್ಲಿ ತೇಲುವ ವಿಟಮಿನ್ ಡಿ ಯಕೃತ್ತಿನಲ್ಲಿ ಅರೆಸಿದ್ಧವಾಗಿ ಬಂದಿರುತ್ತದೆ. ಪ್ರಯೋಗಾಲಯದಲ್ಲಿ ನಿಮ್ಮ ರಕ್ತ ಪರೀಕ್ಷಿಸಿ ಚೀಟಿಯಲ್ಲಿ ಬರೆದುಕೊಡುವುದು ಈ ಅರೆಸಿದ್ಧ ರೂಪದ ಪ್ರಮಾಣವನ್ನೇ. ಕೋಶ ಅದನ್ನು ಒಳಗೆಳೆದುಕೊಂಡು ಪೂರ್ತಿ ಸಿದ್ಧಗೊಳಿಸುತ್ತದೆ. ಅದು ಗ್ರಾಹಕದೊಂದಿಗೆ ಕೂಡಿ ಡಿಎನ್‌ಎಯ ಮೇಲೆ ಕೂತಾಗ ಕ್ಯಾಥೆಲಿಸಿಡಿನ್ ಎಂಬ ಪ್ರೊಟೀನಿನ ವಂಶವಾಹಿ ಎಚ್ಚೆತ್ತುಕೊಳ್ಳುತ್ತದೆ.

ಬ್ಯಾಂಕಿನ ಲಾಕರ್ ತೆರೆಯಲು ಲಾಕರ್ ಪಡೆದವರ ಕೀಲಿ, ಬ್ಯಾಂಕಿನ ಕೀಲಿ ಎರಡೂ ಬೇಕಾಗುವಂತೆ ಇಲ್ಲಿಯೂ ಒಂದರಿಂದ ಕೆಲಸ ನಡೆಯದು. ಬ್ಯಾಕ್ಟೀರಿಯಾದ ಸೂಚನೆಯಿಲ್ಲದೆ ರಕ್ತದಲ್ಲಿ ಅರೆಸಿದ್ಧ ವಿಟಮಿನ್ ಡಿ ತುಂಬಿ ತುಳುಕಿದರೂ ಅದನ್ನು ಸಿದ್ಧಪಡಿಸುವ ಕಿಣ್ವ ಕೋಶದಲ್ಲಿ ಸಾಕಷ್ಟು ಇರುವುದಿಲ್ಲ. ಸೂಚನೆ ಬಂದು ರಕ್ತದಲ್ಲಿ ಡಿ ಇಲ್ಲದಿದ್ದರೆ ಕಿಣ್ವಕ್ಕೆ ಕೆಲಸವಿಲ್ಲ. ಮಾಡ್ಲಿನ್ ತಂಡ ಇದನ್ನು ನೇರವಾಗಿಯೇ ಪರೀಕ್ಷಿಸಿತು. ವಿಟಮಿನ್ ಡಿ ಕಡಿಮೆಯಿದ್ದ ಆಫ್ರಿಕನ್ ಅಮೆರಿಕನ್ನರ ರಕ್ತದ್ರವದಲ್ಲಿ ಕೋಶಗಳನ್ನಿಟ್ಟು ಪ್ರಚೋದಿಸಿದಾಗ ಕ್ಯಾಥೆಲಿಸಿಡಿನ್ ವಂಶವಾಹಿ ಸರಿಯಾಗಿ ಕೆಲಸ ಮಾಡಲಿಲ್ಲ. ಅದೇ ದ್ರವಕ್ಕೆ ಡಿ ಸೇರಿಸಿದಾಗ ಚುರುಕಾಯಿತು. ದಟ್ಟ ಬಣ್ಣದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಹೆಚ್ಚು ಹೊತ್ತಿನ ಬಿಸಿಲು ಬೇಕಾಗುವುದರಿಂದ ಈ ಫಲಿತಾಂಶ ನಮ್ಮ ನಾಡಿನವರಿಗೂ ಸಂಬಂಧಪಟ್ಟದ್ದೇ.

ತಯಾರಾದ ಪ್ರೊಟೀನ್ ಮೊದಲು ನಿರುಪದ್ರವಿ. ಕಿಣ್ವವೊಂದು ಅದರ ತುದಿಯನ್ನು ಕತ್ತರಿಸಿದಾಗ 37 ಅಮೈನೊ ಆಮ್ಲಗಳ ಎಲ್‌ಎಲ್-37 ಎಂಬ ತುಂಡು ಹೊರಬರುತ್ತದೆ. ಅಸ್ತ್ರವೆಂದರೆ ಇದೇ. ಇದರ ಮೈಯಲ್ಲಿ ಧನ ವಿದ್ಯುದಂಶ ಹೆಚ್ಚು. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಋಣ ವಿದ್ಯುದಂಶ ಹೆಚ್ಚು. ಹಾಗಾಗಿ ಎರಡೂ ಸೆಳೆದುಕೊಳ್ಳುತ್ತವೆ, ಪೊರೆ ಹರಿದು ಒಳಗಿನದೆಲ್ಲ ಸೋರಿಹೋಗುತ್ತದೆ. ನಮ್ಮ ಕೋಶಗಳ ಹೊರಮೈ ಹೆಚ್ಚೂಕಡಿಮೆ ತಟಸ್ಥ, ಜೊತೆಗೆ ಅದರಲ್ಲಿ ಕೊಲೆಸ್ಟರಾಲ್ ಇದೆ. ಆದ್ದರಿಂದ ಮಿತಿಯಲ್ಲಿದ್ದಾಗ ಎಲ್‌ಎಲ್-37 ನಮಗೆ ಹಾನಿ ಮಾಡುವುದಿಲ್ಲ. ಮಿತಿಯಲ್ಲಿದ್ದಾಗ ಎಂಬ ಮಾತು ಮುಂದೆ ಮುಖ್ಯವಾಗುತ್ತದೆ.

ಎಲ್ಲ ಕೋಶಗಳೂ ಹೀಗೆ ಅಗತ್ಯ ಬಿದ್ದಾಗಲೇ ತಯಾರಿಸುವುದಿಲ್ಲ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಈ ಪ್ರೊಟೀನನ್ನು ಹುಟ್ಟುವಾಗಲೇ ತಮ್ಮೊಳಗೆ ತುಂಬಿಕೊಂಡು ಬರುತ್ತವೆ. ಕಾಸ್ಟ್‌ಮನ್ ಕಾಯಿಲೆ ಎಂಬ ಅಪರೂಪದ ಹುಟ್ಟುರೋಗವಿದ್ದವರಲ್ಲಿ ನ್ಯೂಟ್ರೊಫಿಲ್‌ಗಳೇ ತೀರಾ ಕಡಿಮೆ. ಔಷಧಿಯಿಂದ ಅವುಗಳ ಸಂಖ್ಯೆಯನ್ನು ಏರಿಸಬಹುದು. ಏರಿಸಿದ ಮೇಲೂ ಈ ರೋಗಿಗಳ ಒಸಡು ಕೊಳೆಯುವುದು ನಿಲ್ಲದಿದ್ದಾಗ, 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಕಾರಣ ಹುಡುಕಿದರು. ಕಣಗಳ ಸಂಖ್ಯೆ ಏರಿತ್ತು, ಒಳಗೆ ಎಲ್‌ಎಲ್-37 ಇರಲಿಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ಬಿಳಿ ಕಣಗಳ ಲೆಕ್ಕ ನೋಡಿ ಸಮಾಧಾನಪಡುವ ನಮಗೆ ಇದು ನೆನಪಿರಬೇಕಾದ ಸಂಗತಿ.

ಹಾಗಾದರೆ ಮಾತ್ರೆ ನುಂಗಿದರಾಯಿತಲ್ಲ?

ಸಹಜವಾದ ಪ್ರಶ್ನೆ. ಪ್ರಯೋಗಾಲಯದಲ್ಲಿ ವಿಟಮಿನ್ ಡಿ ಸೇರಿಸಿದರೆ ಕೋಶ ಚುರುಕಾಗುತ್ತದೆಂದ ಮೇಲೆ ರೋಗಿಗೂ ಅದನ್ನೇ ಕೊಟ್ಟರೆ ಮುಗಿಯಿತಲ್ಲವೇ? ಲಂಡನ್ನಿನಲ್ಲಿ 146 ಕ್ಷಯರೋಗಿಗಳ ಮೇಲೆ ನಡೆದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಮಾಮೂಲಿ ಔಷಧಿಯ ಜೊತೆಗೆ ದೊಡ್ಡ ಪ್ರಮಾಣದ ಡಿ ಕೊಟ್ಟರೂ ಕಫದಿಂದ ಬ್ಯಾಕ್ಟೀರಿಯಾ ಮಾಯವಾಗುವ ಅವಧಿ ಒಟ್ಟಾರೆ ಗಣನೀಯವಾಗಿ ಕಡಿಮೆಯಾಗಲಿಲ್ಲ. ಭಾರತದಲ್ಲೇ 247 ರೋಗಿಗಳೊಂದಿಗೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಅದೇ ಫಲ.

ರೋಗ ಬಲಿತ ಮೇಲೆ ಕೊಟ್ಟರೆ ಏನು ಪ್ರಯೋಜನ, ಮೊದಲೇ ಕೊಡಬೇಕಿತ್ತು ಎಂದು ವಾದಿಸಬಹುದು. ಡಿ ಕೊರತೆ ಇಲ್ಲದವರಿಗೆ ಕೊಟ್ಟಿರಬಹುದು, ಪ್ರಮಾಣ ಸಾಲದೆ ಹೋಗಿರಬಹುದು ಎಂದೂ ಹೇಳಬಹುದು. ಮೂರೂ ಆಕ್ಷೇಪಗಳಿಗೆ ಮಂಗೋಲಿಯಾದ ಉಲಾನ್‌ಬಾತರ್ ಉತ್ತರ ಕೊಟ್ಟಿತು. ಅಲ್ಲಿ ಕ್ಷಯದ ಸೋಂಕು ಇನ್ನೂ ತಗುಲದ 8,851 ಶಾಲಾಮಕ್ಕಳನ್ನು ಆರಿಸಿಕೊಂಡು ಮೂರು ವರ್ಷ, ವಾರಕ್ಕೊಮ್ಮೆ ವಿಟಮಿನ್ ಡಿ ಅಥವಾ ಸತ್ವವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಆರಂಭದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಕ್ಕಳಿಗೆ ಡಿ ಕೊರತೆಯಿತ್ತು. ಡಿ ಪಡೆದ ಮಕ್ಕಳ ರಕ್ತದಲ್ಲಿ ಪ್ರಮಾಣ ಚೆನ್ನಾಗಿಯೇ ಏರಿತು. 2020ರಲ್ಲಿ ಲೆಕ್ಕ ಹೊರಬಂದಾಗ ಸೋಂಕು ತಗುಲಿದ್ದು ಡಿ ಗುಂಪಿನಲ್ಲಿ ಶೇ 3.6, ಹುಸಿಮಾತ್ರೆ ಗುಂಪಿನಲ್ಲಿ ಶೇ 3.3. ವ್ಯತ್ಯಾಸವೇ ಇಲ್ಲವೆನ್ನಬೇಕು. ಇಷ್ಟು ದೊಡ್ಡ, ಇಷ್ಟು ಎಚ್ಚರದಿಂದ ನಡೆಸಿದ ಪ್ರಯೋಗವನ್ನು ಬದಿಗಿಟ್ಟು ವಾದ ಮುಂದುವರಿಸುವುದು ಕಷ್ಟ.

ಶೀತ, ಕೆಮ್ಮಿನಂಥ ಉಸಿರಾಟದ ಸೋಂಕುಗಳ ಕಥೆ ಇಷ್ಟು ಖಂಡಿತವಾಗಿರಲಿಲ್ಲ. 25 ಪ್ರಯೋಗಗಳ, 11,321 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ನಡೆದ ವಿಶ್ಲೇಷಣೆಯಲ್ಲಿ ವಿಟಮಿನ್ ಡಿಯಿಂದ ಸ್ವಲ್ಪ ರಕ್ಷಣೆ ಕಂಡಿತು. ತೀವ್ರ ಕೊರತೆಯಿದ್ದವರಿಗೆ, ಅದೂ ದಿನಾ ಅಥವಾ ವಾರಕ್ಕೊಮ್ಮೆ ಚಿಕ್ಕ ಪ್ರಮಾಣದಲ್ಲಿ ತೆಗೆದುಕೊಂಡಾಗ, ಹೆಚ್ಚು. ಆಮೇಲೆ ಇನ್ನಷ್ಟು ಪ್ರಯೋಗಗಳು ಸೇರುತ್ತಾ ಹೋದಂತೆ ಆ ಲಾಭ ಕುಗ್ಗಿತು. 2025ರ ಲೆಕ್ಕದಲ್ಲಿ ಅದು ಸಂಖ್ಯಾಶಾಸ್ತ್ರದ ಗೆರೆಯನ್ನು ದಾಟಲಿಲ್ಲ. ಕೊರತೆಯಿದ್ದರೆ ಸರಿಪಡಿಸಿಕೊಳ್ಳಬೇಕು, ಮೂಳೆಗಾಗಿಯಾದರೂ ಅದು ಬೇಕೇ ಬೇಕು. ಆದರೆ ಕೊರತೆ ತುಂಬುವುದು ಬೇರೆ, ಶಕ್ತಿ ‘ಹೆಚ್ಚಿಸುವುದು’ ಬೇರೆ.

ಇಲಿಗಳ ಮೇಲೆ ಪರೀಕ್ಷಿಸಿ ಮೊದಲೇ ತಿಳಿದುಕೊಳ್ಳಬಹುದಿತ್ತಲ್ಲ ಎಂದರೆ, ಅದೂ ಸಾಧ್ಯವಿರಲಿಲ್ಲ. ಕ್ಯಾಥೆಲಿಸಿಡಿನ್ ವಂಶವಾಹಿಯ ಪಕ್ಕದಲ್ಲಿ ವಿಟಮಿನ್ ಡಿ ಕೂರಲು ಬೇಕಾದ ಡಿಎನ್‌ಎ ತುಣುಕು ಮನುಷ್ಯ, ಮಂಗ ಮುಂತಾದ ಪ್ರೈಮೇಟ್‌ಗಳಲ್ಲಿದೆ, ಇಲಿಗಳಲ್ಲಿಲ್ಲ. ನಮ್ಮ ಪೂರ್ವಜರ ಡಿಎನ್‌ಎಯಲ್ಲಿ ಎಲ್ಲಿಂದಲೋ ಜಿಗಿದು ಬಂದು ಸೇರಿಕೊಂಡ ತುಣುಕು ಅದು. ಬಿಸಿಲಿಗೂ ಈ ಅಸ್ತ್ರಕ್ಕೂ ಇರುವ ನಂಟು ಜೀವವಿಕಾಸದಲ್ಲಿ ಇತ್ತೀಚಿನದು.

ಅತಿಯಾದಾಗ

ಪ್ರೊಟೀನನ್ನೇ ಔಷಧಿಯಾಗಿ ಕೊಡಬಾರದೇಕೆ ಎಂಬುದು ಮುಂದಿನ ಆಕ್ಷೇಪ. ಪ್ರಯತ್ನವೇನೋ ನಡೆದಿದೆ. ಕಪ್ಪೆಯ ಮ್ಯಾಗೈನಿನ್ ಆಧರಿಸಿದ ಪೆಕ್ಸಿಗನನ್ ಎಂಬ ಮುಲಾಮು ಮಧುಮೇಹಿಗಳ ಕಾಲಿನ ಹುಣ್ಣಿಗೆಂದು ತಯಾರಾಗಿತ್ತು. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನಿರಾಕರಿಸಿತು. ಅದಲ್ಲದೆ, ಇಂಥ ಪ್ರೊಟೀನ್‌ಗಳು ಮೈಯಲ್ಲಿ ಬೇಗ ಒಡೆದುಹೋಗುತ್ತವೆ. ರಕ್ತದಲ್ಲಿರುವಷ್ಟು ಉಪ್ಪಿನಲ್ಲಿ ಅವುಗಳಲ್ಲಿ ಹಲವುಗಳ ಬಲ ಕುಂದುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಅತಿಯಾದಾಗ ಆಗುವ ಹಾನಿ. ಚರ್ಮ ಕೆಂಪಾಗಿ ಬೆಳ್ಳಿಯಂಥ ಪೊರೆ ಏಳುವ ಸೋರಿಯಾಸಿಸ್‌ನಲ್ಲಿ ಎಲ್‌ಎಲ್-37 ವಿಪರೀತವಾಗಿರುತ್ತದೆ. ಸತ್ತ ಕೋಶಗಳಿಂದ ಹೊರಬಿದ್ದ ನಮ್ಮದೇ ಡಿಎನ್‌ಎಗೆ ಅದು ಅಂಟಿಕೊಂಡು, ರಕ್ಷಣಾ ಕೋಶಗಳು ಅದನ್ನು ವೈರಸ್ಸೆಂದು ತಿಳಿದು ಕೆರಳುವಂತೆ ಮಾಡುತ್ತದೆ ಎಂದು 2007ರಲ್ಲಿ ಗೊತ್ತಾಯಿತು. ಅದೇ ವರ್ಷ, ಮುಖ ಕೆಂಪೇರುವ ರೊಸೇಷಿಯಾ ಎಂಬ ಕಾಯಿಲೆಯಲ್ಲೂ ಕ್ಯಾಥೆಲಿಸಿಡಿನ್ ಹೆಚ್ಚಿರುವುದು, ಕತ್ತರಿಸುವ ಕಿಣ್ವವೂ ಮಿತಿಮೀರಿರುವುದು ಕಂಡುಬಂತು. ವಿಟಮಿನ್ ಡಿಯ ಮಾತೂ ಅಷ್ಟೇ. ಸಾರ್ಕಾಯಿಡೋಸಿಸ್ ಎಂಬ ಕಾಯಿಲೆಯಲ್ಲಿ, ಕೆಲವು ಕ್ಷಯರೋಗಿಗಳಲ್ಲೂ, ಮ್ಯಾಕ್ರೊಫೇಜ್‌ಗಳು ಕ್ರಿಯಾಶೀಲ ಡಿ ತಯಾರಿಸಿ ರಕ್ತಕ್ಕೆ ಬಿಡುವುದರಿಂದ ಕ್ಯಾಲ್ಸಿಯಂ ಏರುತ್ತದೆ. ಅಂಥವರು ವೈದ್ಯರನ್ನು ಕೇಳದೆ ದೊಡ್ಡ ಪ್ರಮಾಣದ ಡಿ ನುಂಗುವುದು ಅಪಾಯ. ದೇಹ ಈ ಅಸ್ತ್ರಕ್ಕೆ ಎರಡು ಕೀಲಿ ಇಟ್ಟಿರುವುದು ಸುಮ್ಮನೆ ಅಲ್ಲ.

ಶತ್ರುವೂ ಕೀಲಿ ಬಲ್ಲ

ಢಾಕಾದ ಅತಿಸಾರ ಸಂಶೋಧನಾ ಕೇಂದ್ರದ ಕೆಲಸ ಈ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ರಕ್ತಭೇದಿಯಾದವರ ದೊಡ್ಡ ಕರುಳಿನ ಒಳಪದರದಲ್ಲಿ ಎಲ್‌ಎಲ್-37 ಏರುವ ಬದಲು ಇಳಿದಿತ್ತು. ಬ್ಯಾಕ್ಟೀರಿಯಾ ತನ್ನನ್ನು ಕೊಲ್ಲುವ ಪ್ರೊಟೀನಿನ ತಯಾರಿಕೆಯನ್ನೇ ಅಡಗಿಸಿಬಿಡುತ್ತದೆ. ಬಾಂಗ್ಲಾದೇಶ ಮತ್ತು ಸ್ವೀಡನ್ನಿನ ಸಂಶೋಧಕರು ಇದನ್ನು 2001ರಲ್ಲಿ ತೋರಿಸಿದರು. ಮುಂದೆ ಬ್ಯೂಟಿರೇಟ್ ಎಂಬ ವಸ್ತುವಿನಿಂದ ಮೊಲಗಳಲ್ಲಿ ಆ ತಯಾರಿಕೆಯನ್ನು ಮತ್ತೆ ಎಬ್ಬಿಸಿದರು, ಮೊಲಗಳು ಚೇತರಿಸಿಕೊಂಡವು. ನಾವು ತಿಂದ ನಾರಿನಂಶದಿಂದ ಕರುಳಿನ ಸೂಕ್ಷ್ಮಜೀವಿಗಳೇ ತಯಾರಿಸುವ ವಸ್ತು ಬ್ಯೂಟಿರೇಟ್. ಮನುಷ್ಯರಲ್ಲಿ ಪ್ರಯೋಗಿಸಿದಾಗ ಎಲ್‌ಎಲ್-37 ಏರಿತು, ಕರುಳಿನ ಉರಿಯೂತ ಬೇಗ ಇಳಿಯಿತು. ಆದರೆ ರೋಗಿಗಳು ಗುಣವಾಗುವ ವೇಗ ಅಷ್ಟೇನೂ ಬದಲಾಗಲಿಲ್ಲ. ಮೊಲಕ್ಕೂ ಮನುಷ್ಯನಿಗೂ ನಡುವಿನ ಈ ಅಂತರವನ್ನು ಸಂಶೋಧಕರು ಮುಚ್ಚಿಡದೆ ಪ್ರಕಟಿಸಿದ್ದು ಮೆಚ್ಚಬೇಕಾದದ್ದು.

ಕುಷ್ಠರೋಗದಲ್ಲಿ ಇನ್ನೂ ಸ್ಪಷ್ಟ ಚಿತ್ರ ಸಿಗುತ್ತದೆ. ಒಂದೇ ಬ್ಯಾಕ್ಟೀರಿಯಾ ಕೆಲವರಲ್ಲಿ ಒಂದೆರಡು ಮಚ್ಚೆಗೆ ನಿಲ್ಲುತ್ತದೆ, ಇನ್ನು ಕೆಲವರಲ್ಲಿ ಮೈಯೆಲ್ಲ ಹರಡುತ್ತದೆ. ಮೊದಲ ಬಗೆಯವರ ಮಚ್ಚೆಗಳಲ್ಲಿ, ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಬಿಡುಗಡೆ ಮಾಡುವ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಾಹಕ ಪ್ರೊಟೀನ್ ಮೇಲುಗೈ ಪಡೆದು, ವಿಟಮಿನ್ ಡಿ ದಾರಿಯ ಪ್ರೊಟೀನ್ ತಯಾರಿಕೆ ಚುರುಕಾಗಿರುತ್ತದೆ. ಎರಡನೆಯವರಲ್ಲಿ ವೈರಸ್ ವಿರುದ್ಧ ಬಳಕೆಯಾಗುವ ಇನ್ನೊಂದು ಬಗೆಯ ಇಂಟರ್‌ಫೆರಾನ್ ಹೆಚ್ಚಿ, ಅದೇ ದಾರಿಗೆ ತಡೆ ಬೀಳುತ್ತದೆ. ಮಾಡ್ಲಿನ್ ತಂಡ ಇದನ್ನು 2013ರಲ್ಲಿ ವರದಿ ಮಾಡಿತು. ಅಂದರೆ ಎರಡನೆಯವರಲ್ಲಿಯೂ ರೋಗನಿರೋಧಕ ವ್ಯವಸ್ಥೆ ದುಡಿಯುತ್ತಲೇ ಇದೆ. ತಪ್ಪಿರುವುದು ಅದರ ದಿಕ್ಕು. ಅದನ್ನು ಒಟ್ಟಾರೆ ‘ಹೆಚ್ಚಿಸಿದರೆ’ ತಪ್ಪು ದಿಕ್ಕಿನ ಕೆಲಸವೇ ಹೆಚ್ಚಬಹುದು.

ಅನ್ನದ ಲೆಕ್ಕ

ಈ ವಾದಕ್ಕೆ ಎದುರಾಗಿ ಬಲವಾದ ಆಕ್ಷೇಪ ಒಂದಿದೆ. ಮದನಪಲ್ಲಿಯ ಆರೋಗ್ಯವರಂನಿಂದ ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂವರೆಗೆ, ಬಿಸಿಲು, ಗಾಳಿ, ಒಳ್ಳೆಯ ಊಟ ಕೊಟ್ಟು ಕ್ಷಯರೋಗಿಗಳನ್ನು ಸಲಹಿದ ತಲೆಮಾರುಗಳು ಸುಮ್ಮನೆ ದುಡಿದವೇ? 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಪ್ರಯೋಗದಲ್ಲಿ, ಕೊಳೆಗೇರಿಯ ಮನೆಯಲ್ಲೇ ಉಳಿದು ಔಷಧಿ ತೆಗೆದುಕೊಂಡವರು ಸ್ಯಾನಟೋರಿಯಂನಲ್ಲಿ ಚೆನ್ನಾಗಿ ಉಂಡು ಔಷಧಿ ತೆಗೆದುಕೊಂಡವರಷ್ಟೇ ಹೆಚ್ಚೂಕಡಿಮೆ ಗುಣವಾದರು. ಇದರಿಂದ ಜಗತ್ತಿನ ಕ್ಷಯ ಚಿಕಿತ್ಸೆಯ ರೀತಿಯೇ ಬದಲಾಯಿತು, ಊಟದ ಮಾತು ಹಿಂದೆ ಸರಿಯಿತು. ಆದರೆ ಮದ್ರಾಸು ಕೇಳಿದ್ದು ಔಷಧಿ ಸಿಕ್ಕ ರೋಗಿ ಎಲ್ಲಿ ಗುಣವಾಗುತ್ತಾನೆ ಎಂಬ ಪ್ರಶ್ನೆಯನ್ನು. ಸೋಂಕಿನ ಜೊತೆ ಬದುಕುತ್ತಿರುವ ಮನೆಯವರಲ್ಲಿ ಕಾಯಿಲೆ ಏಳದಂತೆ ತಡೆಯುವುದು ಯಾವುದು ಎಂಬುದು ಬೇರೆ ಪ್ರಶ್ನೆ.

ಆ ಎರಡನೆಯ ಪ್ರಶ್ನೆಗೆ ಉತ್ತರ 2023ರಲ್ಲಿ ಬಂತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಅವರ ನೇತೃತ್ವದಲ್ಲಿ, ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ, 2,800 ಕ್ಷಯರೋಗಿಗಳ ಮನೆಗಳ 10,345 ಸದಸ್ಯರೊಂದಿಗೆ ನಡೆದ ಪ್ರಯೋಗ ಅದು. ರೋಗಿಗಳೆಲ್ಲರಿಗೂ ಆಹಾರ ಸಿಕ್ಕಿತು. ಮನೆಯವರಿಗೂ ಪಡಿತರ ಮತ್ತು ಸೂಕ್ಷ್ಮ ಪೋಷಕಾಂಶ ಕೊಟ್ಟ ಗುಂಪಿನಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು, ಕೊಡದ ಗುಂಪಿಗೆ ಹೋಲಿಸಿದರೆ ಶೇ 39ರಷ್ಟು ಕಡಿಮೆಯಾಯಿತು. ಪ್ರಯೋಗ ಎಣಿಸಿದ್ದು ರೋಗವನ್ನು, ಎಲ್‌ಎಲ್-37ನ್ನಲ್ಲ. ಹಾಗಾಗಿ ಅನ್ನ ಯಾವ ದಾರಿಯಿಂದ ಕಾಪಾಡಿತೆಂದು ಇದರಿಂದ ಹೇಳಲಾಗದು. ಆದರೂ ಹೊಟ್ಟೆಗಿಲ್ಲದ ಮೈಯಲ್ಲಿ ಟಿ ಕೋಶಗಳು ಪಕ್ವವಾಗುವ ಥೈಮಸ್ ಗ್ರಂಥಿ ಕುಗ್ಗುತ್ತದೆ, ಇಂಟರ್‌ಫೆರಾನ್ ಗಾಮಾ ಬರಬೇಕಾದದ್ದು ಅದೇ ಟಿ ಕೋಶಗಳಿಂದ. ಒಂದು ವಿಟಮಿನ್ ಸೋತ ಜಾಗದಲ್ಲಿ ಪೂರ್ತಿ ಊಟ ಗೆದ್ದಿತೆಂದರೆ, ಮೇಲೆ ವಿವರಿಸಿದ ಸರಪಳಿಗೆ ಹಲವು ಕೊಂಡಿಗಳಿರುವುದೇ ಅದಕ್ಕೆ ಸಮಂಜಸ ಕಾರಣವೆಂದು ನನಗೆ ತೋರುತ್ತದೆ.

ಕ್ಷಯರೋಗಿಗಳ ಪೋಷಣೆಗೆಂದು ಕೇಂದ್ರ ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000ಕ್ಕೆ ಏರಿದೆ. ಅದು ರೋಗಿಗೆ. ಮನೆಯವರ ಆಹಾರ ಕಿಟ್ ಮಾತ್ರ ಹೆಚ್ಚಾಗಿ ನಿಕ್ಷಯ್ ಮಿತ್ರರೆಂಬ ದಾನಿಗಳನ್ನು ಅವಲಂಬಿಸಿದೆ. ಜಾರ್ಖಂಡ್‌ನಲ್ಲಿ ಶೇ 39ರ ಲಾಭ ಕಂಡದ್ದು ಮನೆಯವರಲ್ಲಿ. ಆದ್ದರಿಂದ ಅವರ ಪಾಲಿನ ಅಕ್ಕಿ, ಬೇಳೆ ದಾನಿಗಳ ದಾರಿ ಕಾಯದೆ, ರೋಗ ಪತ್ತೆಯಾದ ತಿಂಗಳೇ ನ್ಯಾಯಬೆಲೆ ಅಂಗಡಿಯಿಂದ ಹಕ್ಕಾಗಿ ಸಿಗಬೇಕು.